ನಮ್ಮ ಬಡಾವಣೆಯ ಕರೆಂಟಿನ ಲೆಕ್ಕ ಹಾಕಿಕೊಟ್ಟವರಿಗೆ ನಾಲ್ಕು ನಕ್ಷತ್ರ

ನಾನು ನಮ್ಮ ಗೃಹನಿರ್ಮಾಣ ಸಹಕಾರ ಸಂಘದ ಖಜಾಂಚಿ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಸಾಲದ ಕಡತ ತಿರುವಿದವಳು. ವಿದ್ಯುತ್ತಿನ ವಿಷಯದಲ್ಲಿ ನನಗೆ ಗೊತ್ತಿದ್ದದ್ದು ಫ್ಯೂಸ್ ಕಟ್ಟುವುದಷ್ಟೇ. ಕನಕಪುರ ರಸ್ತೆಯಲ್ಲಿರುವ ನಮ್ಮ ಬಡಾವಣೆಯಲ್ಲಿ 210 ಮನೆಗಳಿವೆ. ಪಕ್ಕದ ಜಾಗದಲ್ಲಿ 480 ಮನೆಗಳ ಮೂರು ಕಟ್ಟಡ ಏಳುವುದೆಂದು ತೀರ್ಮಾನವಾದಾಗ ವಿದ್ಯುತ್ ಸಲಹೆಗಾರರನ್ನು ಹುಡುಕುವ ಹೊಣೆ ನನ್ನ ತಲೆಗೆ ಬಂತು.

ಮೊದಲು ಬಂದ ಕಂಪನಿಯವರು ಕಾಫಿ ಆರುವುದರೊಳಗೆ ಲೆಕ್ಕ ಮುಗಿಸಿದರು. ಮನೆಗೆ 5 ಕಿಲೋವಾಟ್‌ನಂತೆ 2,400, ಲಿಫ್ಟ್, ಪಂಪು, ಕೊಳಚೆ ನೀರಿನ ಘಟಕಕ್ಕೆ 350, ಒಟ್ಟು 2,750. ಮೇಲಿಷ್ಟು ಸೇರಿಸಿ, ತಲಾ 1,000 ಕೆವಿಎಯ ನಾಲ್ಕು ಟ್ರಾನ್ಸ್‌ಫಾರ್ಮರ್ (ಕೆವಿಎ ಎಂದರೆ ಟ್ರಾನ್ಸ್‌ಫಾರ್ಮರಿನ ಸಾಮರ್ಥ್ಯದ ಅಳತೆ, ಹೆಚ್ಚುಕಡಿಮೆ ಕಿಲೋವಾಟ್ ಇದ್ದಂತೆ). 480 ಮನೆಯವರೂ ಒಂದೇ ನಿಮಿಷದಲ್ಲಿ ಗೀಸರ್, ಮಿಕ್ಸಿ, ಇಸ್ತ್ರಿಪೆಟ್ಟಿಗೆ ಎಲ್ಲವನ್ನೂ ಹಾಕುತ್ತಾರೆಯೇ ಎಂದು ಕೇಳಿದೆ. ಉತ್ತರ ಬರಲಿಲ್ಲ. ಠೇವಣಿ ಇಟ್ಟವರೆಲ್ಲ ಒಂದೇ ದಿನ ಹಣ ವಾಪಸ್ ಕೇಳುತ್ತಾರೆಂದು ನಂಬಿದ್ದರೆ ನಾವು ಬ್ಯಾಂಕಿನಲ್ಲಿ ಒಬ್ಬರಿಗೂ ಸಾಲ ಕೊಡುವಂತಿರಲಿಲ್ಲ.

ಆಮೇಲೆ ಸಿಕ್ಕವರೇ ಇವರು. ಜಯನಗರದಲ್ಲಿ ಒಂದು ಮಹಡಿಯ ಮೇಲಿನ ಕಚೇರಿ, ಒಟ್ಟು ಮೂರು ಜನ. ಹಿರಿಯ ಎಂಜಿನಿಯರು ದರಪಟ್ಟಿ ಕೊಡುವ ಮೊದಲು ನಮ್ಮ ಹಳೆಯ 210 ಮನೆಗಳ ಟ್ರಾನ್ಸ್‌ಫಾರ್ಮರಿಗೆ ಅನುಮತಿ ಪಡೆದು, ಬಳಕೆಯನ್ನು ಬರೆದಿಟ್ಟುಕೊಳ್ಳುವ ಯಂತ್ರವೊಂದನ್ನು ಜೋಡಿಸಿದರು. ಜನವರಿಯ ಚಳಿಯಲ್ಲಿ, ಹದಿನಾಲ್ಕು ದಿನ. ಹೊರಬಂದ ನಕ್ಷೆ ಎರಡು ಡುಬ್ಬದ ಒಂಟೆಯ ಬೆನ್ನಿನಂತಿತ್ತು: ಬೆಳಗ್ಗೆ ಒಂದು ಡುಬ್ಬ, ರಾತ್ರಿ ಊಟದ ಹೊತ್ತಿಗೆ ಇನ್ನೊಂದು. ಅತಿ ಹೆಚ್ಚೆಂದರೆ ಬೆಳಗ್ಗೆ 6.45ಕ್ಕೆ 310 ಕೆವಿಎ. ಅಂದರೆ ಊರಿಗೆ ಊರೇ ಸ್ನಾನಕ್ಕೆ ನಿಂತ ಹೊತ್ತಿನಲ್ಲೂ ಮನೆಗೆ ಒಂದೂವರೆ ಕೆವಿಎ ದಾಟಿಲ್ಲ. ಹೊಸ ಮನೆಗಳಲ್ಲಿ ಎಸಿ ಹೆಚ್ಚಿರುತ್ತದೆಂದು ಅವರು ಮನೆಗೆ ಎರಡು ಕೆವಿಎ ಹಿಡಿದರು.

ನಿಜವಾದ ಜಗಳ ನಡೆದದ್ದು ಕಾರುಗಳ ಮೇಲೆ. ಪ್ರತಿ ಪಾರ್ಕಿಂಗ್ ಜಾಗಕ್ಕೂ 7.4 ಕಿಲೋವಾಟ್ ಚಾರ್ಜರ್ ಬೇಕೆಂದು ಸಭೆಯಲ್ಲಿ ಒಬ್ಬರು ಹಟ ಹಿಡಿದರು. ಎಂಜಿನಿಯರು ಹಲಗೆಯ ಮೇಲೆ ಗುಣಿಸಿ ತೋರಿಸಿದರು: 3,552 ಕಿಲೋವಾಟ್. ಜನರಿಗಿಂತ ಕಾರುಗಳೇ ಹೆಚ್ಚು ತಿನ್ನುತ್ತವೆ! ಕೊನೆಗೆ ಕಾರುಗಳಿಗೆಂದು ಒಟ್ಟು 400 ಕಿಲೋವಾಟ್ ಮೀಸಲಿಟ್ಟು, ರಾತ್ರಿಯಿಡೀ ಅದನ್ನೇ ಸರದಿಯಲ್ಲಿ ಹಂಚುವ ಚಾರ್ಜರುಗಳಿಗೆ ಒಪ್ಪಿದೆವು. ವಿದ್ಯುತ್ ಕಂಪನಿಯ ಲೆಕ್ಕದ ಸೂತ್ರ ಬೇರೆ; ಅದಕ್ಕೂ ಹೊಂದಿಸಿ ಮೂರು ಟ್ರಾನ್ಸ್‌ಫಾರ್ಮರಿಗೆ ನಿಂತಿತು. ನಾಲ್ಕನೆಯದಕ್ಕೆ ಕಟ್ಟೆಯನ್ನೂ ಖಾಲಿ ಕೊಳವೆಗಳನ್ನೂ ಮಾತ್ರ ಹಾಕಿಸಿದ್ದೇವೆ. ಹೊರೆಯಿಲ್ಲದೆ ಸುಮ್ಮನೆ ನಿಂತ ಟ್ರಾನ್ಸ್‌ಫಾರ್ಮರೂ ಹಗಲಿರುಳು ಕರೆಂಟು ತಿನ್ನುತ್ತದೆ ಎಂಬುದು ಆ ದಿನ ನಾನು ಕಲಿತ ಪಾಠ.

ನನಗೆ ಅವರ ಮೇಲೆ ಗಟ್ಟಿ ನಂಬಿಕೆ ಬಂದದ್ದು ಮಾತ್ರ ಕಾಂಪೌಂಡ್ ಗೋಡೆಯ ಬಳಿ. ಮೊದಲಿನವರು ಟ್ರಾನ್ಸ್‌ಫಾರ್ಮರುಗಳಿಗೆ ಗುರುತಿಸಿದ್ದು ಹಿಂದಿನ ಮೂಲೆ. ಬೇರಾವುದಕ್ಕೂ ಬಾರದ ಜಾಗ. ಇವರು ನಕ್ಷೆಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಕಾವಲುಗಾರನನ್ನು ಕರೆದರು. "ಮಳೆ ಬಂದರೆ ನೀರು ಎಲ್ಲಿ ನಿಲ್ಲುತ್ತದಪ್ಪ?" ಅವನು ಮಾತಾಡದೆ ಗೋಡೆಯ ಬಳಿ ಹೋಗಿ, ಗಿಡಗಂಟಿ ಸರಿಸಿ, ಕೈಯಿಟ್ಟು ತೋರಿಸಿದ. ನನ್ನ ಮಂಡಿಯ ಎತ್ತರಕ್ಕೆ ಕೆಂಪು ಕೆಸರಿನ ಗೆರೆ. ಎಂಟು ವರ್ಷದಿಂದ ಅಲ್ಲೇ ವಾಕಿಂಗ್ ಮಾಡುತ್ತಿದ್ದೇನೆ, ಒಮ್ಮೆಯೂ ಕಣ್ಣಿಗೆ ಬಿದ್ದಿರಲಿಲ್ಲ. ಮರುವಾರವೇ ನಕ್ಷೆಯಲ್ಲಿ ಜಾಗ ಮುಂಬಾಗಿಲ ದಿಣ್ಣೆಗೆ ಬಂತು. ಉದ್ಯಾನದ ಒಂದು ತುಂಡು ಹೋಯಿತೆಂದು ಕೆಲವರು ಈಗಲೂ ನನ್ನೊಡನೆ ಮಾತು ಬಿಟ್ಟಿದ್ದಾರೆ.

66 ಕೆವಿ (ಕಿಲೋವೋಲ್ಟ್) ಉಪಕೇಂದ್ರದಿಂದ ನಮ್ಮ ಗೇಟಿನವರೆಗೆ 11 ಕೆವಿ ನೆಲದಡಿ ಕೇಬಲ್ ಬರಬೇಕಿತ್ತು. 2.6 ಕಿಲೋಮೀಟರ್ ದಾರಿಯನ್ನು ಅವರು ಅಳತೆಯ ಚಕ್ರ ಉರುಳಿಸುತ್ತ ನಡೆದೇ ಅಳೆದರು. ರಸ್ತೆ ಅಗೆತದ ಅನುಮತಿ, ವಿದ್ಯುತ್ ಪರಿವೀಕ್ಷಣಾಲಯದ ಒಪ್ಪಿಗೆ ಇವುಗಳಿಗೆಲ್ಲ ಕಾಗದ ಸಿದ್ಧಪಡಿಸಿ ಕೊಡುತ್ತಾರೆ, ಓಡಾಟ ನಮ್ಮದೇ. ಇದನ್ನು ಮೊದಲೇ ಕೇಳಿಕೊಳ್ಳಿ, ನಾವು ಕೇಳಿರಲಿಲ್ಲ.

ಒಂದು ನಕ್ಷತ್ರ ಕಡಿತಕ್ಕೆ ಕಾರಣಗಳಿವೆ. ಫೋನ್ ಎತ್ತುವುದಿಲ್ಲ; ಮೂರು ಸಲ ಮಾಡಿದರೆ ಸಂಜೆ ಒಂದು ಸಂದೇಶ ಬರುತ್ತದೆ. ವರದಿ ಹೇಳಿದ ದಿನಕ್ಕಿಂತ ಐದು ವಾರ ತಡವಾಯಿತು. ಬಂದಾಗಲೂ ಪೂರ್ತಿ ಇಂಗ್ಲಿಷಿನಲ್ಲಿ, ಜೊತೆಗೆ ಕರೆಂಟಿನ ದಾರಿ ತೋರಿಸುವ, ಊಟದ ಮೇಜಿನಷ್ಟಗಲದ ಗೆರೆನಕ್ಷೆ. ರಾತ್ರಿ ಎರಡು ಗಂಟೆಗೆ ಕರೆಂಟು ಹೋದರೆ ಸ್ವಿಚ್ಚಿನ ಮುಂದೆ ನಿಲ್ಲುವವನು ಏಳನೆಯ ತರಗತಿ ಓದಿದ ನಮ್ಮ ಎಲೆಕ್ಟ್ರಿಷಿಯನ್. ಯಾವುದನ್ನು ಮೊದಲು ಆಫ್ ಮಾಡಬೇಕು, ಯಾವುದನ್ನು ಮುಟ್ಟಲೇಬಾರದು ಎಂದು ಕನ್ನಡದಲ್ಲಿ ಒಂದು ಪುಟ ಬರೆದುಕೊಡಿ ಎಂದು ಕೇಳಿದ್ದೇನೆ. "ಖಂಡಿತ ಮೇಡಂ" ಎಂದಿದ್ದಾರೆ. ಕೊನೆಯ ಕಂತಿನ ಚೆಕ್ ಬರೆದು ನನ್ನ ಬೀರುವಿನಲ್ಲೇ ಇಟ್ಟುಕೊಂಡಿದ್ದೇನೆ.