ಕೆರೆಯ ದೋಣಿಗೆ ಎರಡು ಬ್ಯಾಂಕಿನ ಆನ್‌ಬೋರ್ಡ್ ಚಾರ್ಜರ್: ನಾಲ್ಕು ಮಳೆಗಾಲ ಬಳಸಿದ ಮೇಲೆ

ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮದೊಂದು ಕಾಫಿ ತೋಟ, ಜೊತೆಗೆ ಸಣ್ಣ ಹೋಂಸ್ಟೇ. ತೋಟದ ಕೆರೆಯಲ್ಲಿ ಅತಿಥಿಗಳಿಗೆ ಅಂತ ಒಂದು ಫೈಬರ್ ದೋಣಿ ಇಟ್ಟಿದ್ದೇವೆ. ಅದೇ ನೀರು ಕಾಫಿಗೆ ಸ್ಪ್ರಿಂಕ್ಲರ್‌ನಲ್ಲಿ ಹೋಗುತ್ತದೆ. ಹಾಗಾಗಿ ಪೆಟ್ರೋಲ್ ಎಂಜಿನ್ ಬೇಡವೆಂದು 24 ವೋಲ್ಟಿನ ಎಲೆಕ್ಟ್ರಿಕ್ ಮೋಟಾರು ಹಾಕಿಸಿದೆವು. 12 ವೋಲ್ಟಿನ 100 ಆಂಪಿಯರ್ ಅವರ್ ಬ್ಯಾಟರಿ ಎರಡು, ಸೀರೀಸ್‌ನಲ್ಲಿ, ಅಂದರೆ ಒಂದರ ಪ್ಲಸ್ ಇನ್ನೊಂದರ ಮೈನಸ್‌ಗೆ ಸೇರಿಸಿ. ಅವಕ್ಕೆ ದೋಣಿಯೊಳಗೇ ಕೂರಿಸಿದ ಚಾರ್ಜರ್, ಒಂದೊಂದು ಬ್ಯಾಟರಿಗೂ ಬೇರೆಯಾಗಿ 10 ಆಂಪಿಯರ್ ಕೊಡುವಂಥದ್ದು; ಆ ಒಂದೊಂದು ಚಾರ್ಜಿಂಗ್ ಸಾಲಿಗೆ 'ಬ್ಯಾಂಕ್' ಅನ್ನುತ್ತಾರೆ. 2021ರ ಪುತ್ತರಿ ಸುಗ್ಗಿ ಹಬ್ಬದ ಹೊತ್ತಿಗೆ ತಂದಿದ್ದು.

ಮೊದಲ ಚಳಿಗಾಲ, ಬೇಸಿಗೆ ಯಾವ ತಕರಾರೂ ಇರಲಿಲ್ಲ. ಸಂಜೆ ಪ್ಲಗ್ ಹಾಕಿದರೆ ಬೆಳಿಗ್ಗೆ ಎರಡೂ ಹಸಿರು ದೀಪ. ಕಷ್ಟ ಶುರುವಾಗಿದ್ದು 2022ರ ಮಳೆಗಾಲದಲ್ಲಿ. ಜೂನ್‌ನಲ್ಲಿ ದೋಣಿಯನ್ನು ದಡಕ್ಕೆ ಎಳೆದು, ಬ್ಯಾಟರಿಗಳನ್ನು ಅದರಲ್ಲೇ ಬಿಟ್ಟು ಸುಮ್ಮನಾದೆವು. ನಮ್ಮ ಕಡೆ ಮಳೆಗಾಲದಲ್ಲಿ ಮರ ಬಿದ್ದರೆ ನಾಲ್ಕೈದು ದಿನ ಕರೆಂಟ್ ಇರುವುದಿಲ್ಲ. ಚಾರ್ಜರ್ ಇದ್ದೂ ಉಪಯೋಗವಿಲ್ಲ. ಸೆಪ್ಟೆಂಬರ್‌ನಲ್ಲಿ ಕೈಲ್ ಮುಹೂರ್ತ ಹಬ್ಬ ಮುಗಿಸಿ ಬಂದು ಪ್ಲಗ್ ಹಾಕಿದರೆ ಎರಡೂ ಕೆಂಪು ದೀಪ ಮಿಣುಕುತ್ತಿದ್ದವು.

ಪೇಟೆಯಿಂದ ಬಂದ ಎಲೆಕ್ಟ್ರಿಷಿಯನ್ ನೋಡಿದ ಕೂಡಲೇ ಹೇಳಿದರು: "ಅಕ್ಕ, ಚಾರ್ಜರ್ ಸುಟ್ಟುಹೋಗಿದೆ. ಹೊಸದು ತರಿಸಿ." ಆರ್ಡರ್ ಮಾಡುವುದರಲ್ಲಿದ್ದೆ. ಅಷ್ಟರಲ್ಲಿ ನಮ್ಮ ಚಿಕ್ಕಪ್ಪ ಬಂದರು. ಸೇನೆಯಲ್ಲಿ ಗಾಡಿ ರಿಪೇರಿ ಮಾಡಿ ನಿವೃತ್ತರಾದವರು. "ಮೊದ್ಲು ಮೀಟರ್ ಹಿಡಿದು ನೋಡಮ್ಮ, ದುಡ್ಡು ಆಮೇಲೆ ತೆಗಿ" ಅಂದರು. ಈ ವಿಮರ್ಶೆಯಲ್ಲಿ ನಾನು ಹೇಳಬೇಕಾದ್ದೆಲ್ಲ ಆ ಒಂದು ಮಾತಿನಿಂದ ಬಂದಿದ್ದು.

ಸೀರೀಸ್ ವೈರ್ ಬಿಚ್ಚಿ ಒಂದೊಂದೇ ಬ್ಯಾಟರಿ ಅಳೆದೆವು. ಮೊದಲನೆಯದು 6 ವೋಲ್ಟಿಗೆ ಇಳಿದಿತ್ತು. ಎರಡನೆಯದು 10.5. ತುಂಬಿದ ಲೆಡ್ ಆಸಿಡ್ ಬ್ಯಾಟರಿ ಕೆಲವು ಗಂಟೆ ಸುಮ್ಮನೆ ಬಿಟ್ಟ ಮೇಲೆ 12.7 ಹತ್ತಿರ ತೋರಿಸಬೇಕು. 12.2 ಅಂದರೆ ಅರ್ಧ ಖಾಲಿ, 12ಕ್ಕಿಂತ ಕೆಳಗೆ ಹೋದರೆ ಅಪಾಯ. ಚಾರ್ಜರ್‌ನಿಂದ ತೆಗೆದ ತಕ್ಷಣ ಅಳೆದರೆ ಜಾಸ್ತಿಯೇ ತೋರಿಸುತ್ತದೆ, ಆ ಲೆಕ್ಕ ನಂಬಬೇಡಿ.

6 ವೋಲ್ಟಿಗೆ ಯಾಕೆ ಇಳಿಯಿತು? ದೋಣಿಯೊಳಗೆ ಸೇರಿದ ಮಳೆನೀರು ಹೊರಹಾಕುವ ಪಂಪ್ ಆ ಒಂದೇ ಬ್ಯಾಟರಿಯಿಂದ ಓಡುತ್ತದೆ. ಮಳೆ ಬಂದಾಗೆಲ್ಲ ಅದು ತಾನಾಗಿ ಓಡಿ ಬ್ಯಾಟರಿಯನ್ನು ಹಿಂಡಿಬಿಟ್ಟಿತ್ತು. ಅಷ್ಟು ಕೆಳಗಿಳಿದ ಬ್ಯಾಟರಿಯನ್ನು ನಮ್ಮ ಚಾರ್ಜರ್ ಬ್ಯಾಟರಿ ಅಂತಲೇ ಗುರುತಿಸುವುದಿಲ್ಲ. ಅದು ಕೆಟ್ಟಿರಲಿಲ್ಲ, ಸುರಕ್ಷತೆಗಾಗಿ ಕರೆಂಟ್ ಬಿಡುತ್ತಿರಲಿಲ್ಲ ಅಷ್ಟೆ. ಚಿಕ್ಕಪ್ಪ ಜೀಪಿನ ಬ್ಯಾಟರಿ ತಂದು ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಜೋಡಿಸಿ ಪ್ಲಗ್ ಹಾಕಿದರು. ಜೀಪಿನ ಬ್ಯಾಟರಿಯ ವೋಲ್ಟೇಜ್ ಕಂಡು ಚಾರ್ಜರ್ ಎದ್ದಿತು. ಕಾಲು ಗಂಟೆ ಬಿಟ್ಟು ಜೀಪಿನದನ್ನು ತೆಗೆದರೂ ಚಾರ್ಜಿಂಗ್ ನಿಲ್ಲಲಿಲ್ಲ. ಈ ಕೆಲಸ ಗಾಳಿಯಾಡುವ ಕಡೆಯೇ ಮಾಡಿ, ಕಣ್ಣಿಗೆ ಕನ್ನಡಕ ಇರಲಿ. ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಒಂದು ಕಿಡಿ ಸಾಕು.

10.5ರ ಬ್ಯಾಟರಿ ಮಾತ್ರ ಎಷ್ಟು ಹೊತ್ತು ಚಾರ್ಜ್ ಮಾಡಿದರೂ ಬಿಟ್ಟ ಮೇಲೆ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಒಳಗೆ ಆರು ಸೆಲ್, ಒಂದೊಂದಕ್ಕೆ 2.1 ವೋಲ್ಟ್. ಒಂದು ಸೆಲ್ ಸತ್ತರೆ ಸರಿಯಾಗಿ ಇಷ್ಟೇ ಉಳಿಯುತ್ತದೆ. ಎಬ್ಬಿಸಿದ ಬ್ಯಾಟರಿಯೂ ಇಪ್ಪತ್ತು ನಿಮಿಷಕ್ಕೇ ಸುಸ್ತಾಗುತ್ತಿತ್ತು, ಪ್ಲೇಟುಗಳಿಗೆ ಸಲ್ಫೇಟ್ ಹಿಡಿದಿತ್ತು. ಎರಡನ್ನೂ ಬದಲಿಸಿದೆವು. ಸೀರೀಸ್‌ನಲ್ಲಿ ಒಂದು ಹೊಸದು, ಒಂದು ಹಳೆಯದು ಹಾಕಿದರೆ ಹಳೆಯದು ಹೊಸದನ್ನೂ ಹಾಳು ಮಾಡುತ್ತದೆ. ಅಂಗಡಿಯಲ್ಲಿ ಕಾರಿನ ಬ್ಯಾಟರಿ ಕೊಡಲು ಬಂದರು, ಬೇಡ ಅಂದೆ. ಅದು ಕ್ಷಣಮಾತ್ರ ಜೋರಾಗಿ ಕರೆಂಟ್ ಕೊಟ್ಟು ಎಂಜಿನ್ ಸ್ಟಾರ್ಟ್ ಮಾಡಲು ಇರುವಂಥದ್ದು. ದೋಣಿಗೆ ಹೊತ್ತುಗಟ್ಟಲೆ ನಿಧಾನವಾಗಿ ಕರೆಂಟ್ ಕೊಡುವ, ದಪ್ಪ ಪ್ಲೇಟಿನ ಡೀಪ್ ಸೈಕಲ್ ಬ್ಯಾಟರಿಯೇ ಬೇಕು.

ಎರಡನೇ ತೊಂದರೆ 2023ರ ಫೆಬ್ರವರಿಯಲ್ಲಿ. ಎರಡನೇ ಬ್ಯಾಂಕ್ ಮಾತ್ರ ಹಸಿರಾಗುತ್ತಲೇ ಇರಲಿಲ್ಲ. ಬ್ಯಾಟರಿ ಹೊಸದು, ಈ ಸಲ ಚಾರ್ಜರೇ ಹೋಯಿತು ಅಂತ ನನಗೂ ಅನಿಸಿತ್ತು. ಚಾರ್ಜ್ ಆಗುತ್ತಿರುವಾಗಲೇ ಎರಡು ಕಡೆ ಅಳೆದೆ. ಚಾರ್ಜರ್ ಕಡೆಯ ತುದಿಯಲ್ಲಿ 14.5, ಬ್ಯಾಟರಿಯ ಟರ್ಮಿನಲ್‌ನಲ್ಲಿ 13.6. ನಡುವೆ 0.9 ವೋಲ್ಟ್ ಎಲ್ಲಿ ಹೋಯಿತು? ವೈರಿನ ತುದಿಗೆ ಒತ್ತಿದ ಲೋಹದ ಬಳೆ, ಅಂದರೆ ಲಗ್, ಹೊರಗಿನಿಂದ ನೋಡಲು ಚೆನ್ನಾಗಿತ್ತು. ಅದರ ಮೇಲಿನ ಪ್ಲಾಸ್ಟಿಕ್ ಹೊದಿಕೆ ಸೀಳಿ ನೋಡಿದರೆ ಒಳಗೆ ತಾಮ್ರ ಹಸಿರು ಹಿಡಿದು ಪುಡಿಪುಡಿಯಾಗಿತ್ತು. ನಮ್ಮ ತೇವಕ್ಕೆ ಇದು ಆಗಿಯೇ ಆಗುತ್ತದೆ. ಕತ್ತರಿಸಿ, ತವರ ಲೇಪಿಸಿದ ಹೊಸ ಲಗ್ ಒತ್ತಿಸಿ, ಟರ್ಮಿನಲ್‌ಗೆ ವ್ಯಾಸಲಿನ್ ಸವರಿದೆ. ನೂರು ರೂಪಾಯಿಯೊಳಗೆ ಕೆಲಸ ಮುಗಿಯಿತು. ಫ್ಯೂಸ್ ಹೋಲ್ಡರ್ ಒಳಗೂ ಹೀಗೇ ಪಾಚಿ ಬಣ್ಣ ಬರುತ್ತದೆ, ಬಿಚ್ಚಿ ನೋಡಿ.

ಅದೇ ಬೇಸಿಗೆಯಲ್ಲಿ ಸಂಜೆ ಹೊತ್ತು ಎರಡೂ ಬ್ಯಾಂಕ್ ಒಟ್ಟಿಗೇ ಆಫ್ ಆಗುತ್ತಿದ್ದವು. ಇದು ಬ್ಯಾಟರಿಯದೂ ಅಲ್ಲ, ಚಾರ್ಜರ್‌ದೂ ಅಲ್ಲ. ಕಾಫಿ ಹೂವಿಗೆ ನೀರು ಕೊಡುವ ಕಾಲ, ಸುತ್ತಲಿನ ತೋಟಗಳ ಮೋಟಾರೆಲ್ಲ ಒಟ್ಟಿಗೆ ಓಡುತ್ತವೆ. ಸಾಕೆಟ್‌ನಲ್ಲಿ 165 ವೋಲ್ಟ್ ಇತ್ತು, ಚಾರ್ಜರ್ ಮೇಲೆ ಬರೆದಿರುವುದು 200ರಿಂದ 240. ಈಗ ಟೈಮರ್ ಇಟ್ಟು ರಾತ್ರಿ ಹತ್ತರ ಮೇಲೆ ಹಾಕುತ್ತೇವೆ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್‌ಗೆ ಒಮ್ಮೆ ಹಾಕಿದಾಗ ಚಾರ್ಜರ್ ಗುಂಯ್ ಅಂದು ಬಿಸಿಯಾಯಿತು. ಮತ್ತೆ ಹಾಕಿಲ್ಲ.

ಇಷ್ಟೆಲ್ಲ ಆದ ಮೇಲೂ ಚಾರ್ಜರ್ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವೇ ಇದೆ. ಮೈಯೆಲ್ಲ ರಾಳ ತುಂಬಿ ಮುಚ್ಚಿರುವುದರಿಂದ ನಾಲ್ಕು ಮಳೆಗಾಲದಲ್ಲಿ ಒಂದು ಹನಿ ಒಳಗೆ ಹೋಗಿಲ್ಲ. ಅರ್ಧ ಖಾಲಿಯಾದ ಜೋಡಿ ಎಂಟು ಗಂಟೆಯಲ್ಲಿ ತುಂಬುತ್ತದೆ. ಕೊರತೆ ಅಂದರೆ ವೋಲ್ಟೇಜ್ ತೋರಿಸುವ ಪರದೆ ಇಲ್ಲ. ಬ್ಯಾಟರಿ ತೀರಾ ಇಳಿದರೂ, ವೈರ್ ಉಲ್ಟಾ ಆದರೂ, ಫ್ಯೂಸ್ ಹೋದರೂ ಅದೇ ಕೆಂಪು ದೀಪ. ಏನಾಗಿದೆ ಅಂತ ಮನೆಯವರಿಗೆ ಹೇಗೆ ಗೊತ್ತಾಗಬೇಕು, ಅಲ್ವಾ? ಇದನ್ನು ತಯಾರಿಸುವವರು ಸರಿ ಮಾಡಲೇಬೇಕು. ಲಿಥಿಯಂ ಮೋಡ್ ಕೂಡ ಇದರಲ್ಲಿಲ್ಲ. ಮುಂದೆ ಲಿಥಿಯಂ ಬ್ಯಾಟರಿ ಹಾಕುವ ಯೋಚನೆ ಇದ್ದರೆ ಆ ಮೋಡ್ ಇರುವುದನ್ನೇ ಕೊಳ್ಳಿ.

ಕೆರೆ ದಂಡೆಗೆ 230 ವೋಲ್ಟಿನ ವೈರ್ ಎಳೆಯುವವರು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಕಡಿಯುವ ಸ್ವಿಚ್) ಹಾಕಿಸದೆ ಪ್ಲಗ್ ಮುಟ್ಟಬೇಡಿ. ನಮ್ಮಲ್ಲಿ ಮಕ್ಕಳು ಬರಿಗಾಲಲ್ಲಿ ಓಡಾಡುತ್ತಾರೆ. ಏಪ್ರಿಲ್‌ನ ಗುಡುಗು ಮಳೆಗೆ ಮೋಡ ಕಟ್ಟಿದರೆ ಪ್ಲಗ್ ಕಿತ್ತಿಡಿ.

2022ರ ಸೆಪ್ಟೆಂಬರ್‌ನಲ್ಲಿ ಹಾಕಿದ ಜೋಡಿಯೇ ಈಗಲೂ ದೋಣಿಯಲ್ಲಿದೆ. ಮಳೆಗಾಲ ಬಂತೆಂದರೆ ಎರಡನ್ನೂ ಕಳಚಿ ಕಾಫಿ ಗೋಡೌನಿನ ಹಲಗೆ ಮೇಲಿಡುತ್ತೇವೆ. ತಿಂಗಳಿಗೊಮ್ಮೆ ಕರೆಂಟ್ ಇರುವ ದಿನ ನೋಡಿ ಚಾರ್ಜ್ ಮಾಡಿ, ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿ, ವೋಲ್ಟೇಜನ್ನು ಗೋಡೆಯ ಕ್ಯಾಲೆಂಡರ್ ಮೇಲೆ ಬರೆಯುತ್ತೇನೆ. ಕೊನೆಯ ಸಲ ಬರೆದದ್ದು 12.7 ಮತ್ತು 12.6.