ಹಳೇ ಪಿಸಿಗೆ "ಹೊಸ" 1050 ಟಿಐ ತಗೊಳ್ಳುವವರೇ, ಪಿಸಿ ಬಿಚ್ಚೋ ಮೊದಲು ಕಾರ್ಡ್ ಯಾವುದು ಅಂತ ನೋಡಿ

ಹಳೇ ಡೆಸ್ಕ್‌ಟಾಪ್‌ಗೆ ಗ್ರಾಫಿಕ್ಸ್ ಕಾರ್ಡ್ ಹುಡುಕುತ್ತಿರುವವರು ದಯವಿಟ್ಟು ಪೂರ್ತಿ ಓದಿ. "ಜಿಟಿಎಕ್ಸ್ 1050 ಟಿಐ, 4 ಜಿಬಿ, ಹೊಚ್ಚ ಹೊಸದು, ಸೀಲ್ ಪ್ಯಾಕ್" ಅಂತ ಆನ್‌ಲೈನ್‌ನಲ್ಲಿ ಮಾರಿದ ಕಾರ್ಡಿನೊಳಗೆ ಇದ್ದದ್ದು 2010ರ ಜಿಟಿಎಸ್ 450, ಅದೇ ಎನ್‌ವಿಡಿಯಾ ಕಂಪನಿಯ ಹಳೇ ಕಾರ್ಡ್. ಮೇಲೆ ಹೊಸ ಫ್ಯಾನು, ಹೊಸ ಸ್ಟಿಕ್ಕರು. ಒಳಗೆ ಹೆಸರು ತಿದ್ದಿದ ಬಯಾಸ್, ಅಂದರೆ ಕಾರ್ಡಿನೊಳಗೇ ಇರೋ ಪುಟ್ಟ ತಂತ್ರಾಂಶ (ಮದರ್‌ಬೋರ್ಡಿಗೂ ಅದರದ್ದೇ ಒಂದು ಬಯಾಸ್ ಇರುತ್ತೆ). ಕಾರ್ಡ್ ನಕಲಿ ಅನ್ನೋದು ಒಂದು ಸಿಟ್ಟಾದರೆ, ಮಾರಿದವನು ಆಮೇಲೆ ಕೊಟ್ಟ ಉತ್ತರಗಳು ಇನ್ನೊಂದು ಸಿಟ್ಟು. ಪ್ರತಿ ಸಲವೂ ತಪ್ಪು ಪಿಸಿಯದ್ದೇ ಅಂತೆ. ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡೋ ಡಬ್ಬ) ಸರಿಯಿಲ್ಲ, ಬೋರ್ಡ್ ಹಳೇದು, ಬಯಾಸ್ ಅಪ್‌ಡೇಟ್ ಮಾಡಿ, ವಿಂಡೋಸ್ ಹೊಸದಾಗಿ ಹಾಕಿ. ವಾಪಸ್ ಕೊಡುವ ಗಡುವು ಮುಗಿಯೋ ತನಕ ಇದೇ ಮಾತು.

1050 ಟಿಐ ಹೆಸರನ್ನೇ ಯಾಕೆ ಹಾಕ್ತಾರೆ ಗೊತ್ತಾ? 2016ರಲ್ಲಿ ಬಂದ ಆ ಕಾರ್ಡಿಗೆ 75 ವ್ಯಾಟ್ ಸಾಕು. ಸ್ಲಾಟಿನಿಂದಲೇ ಅಷ್ಟು ಸಿಗುತ್ತೆ, ಹೆಚ್ಚಿನ ಮಾಡೆಲ್‌ಗಳಿಗೆ ಬೇರೆ ಪವರ್ ವೈರೇ ಬೇಡ. ಹಾಗಾಗಿ ಹಳೇ ಪಿಸಿ ಇರೋರೆಲ್ಲ ಹುಡುಕೋದು ಇದನ್ನೇ. ಪಿಸಿ ಹಳೇದು ಅಂದಮೇಲೆ ಏನೇ ತೊಂದರೆ ಬಂದರೂ ಕೊಂಡವರು ಮೊದಲು ಅನುಮಾನ ಪಡೋದು ತಮ್ಮ ಪಿಸಿಯನ್ನೇ. ಮೋಸ ಮಾಡುವವರಿಗೆ ಬೇಕಾಗಿರೋದೂ ಅದೇ.

ಮೊದಲಿಗೆ ಎಲ್ಲ ಸರಿಯಾಗೇ ಕಾಣುತ್ತೆ. ಕಾರ್ಡ್ ಕೂರಿಸಿ ಆನ್ ಮಾಡಿದರೆ ಚಿತ್ರ ಬರುತ್ತೆ. ಬಾಕ್ಸಿನಲ್ಲಿರೋ ಸಿಡಿಯ ಡ್ರೈವರ್ ಹಾಕಿದರೆ ಡಿವೈಸ್ ಮ್ಯಾನೇಜರ್‌ನಲ್ಲಿ "ಜಿಫೋರ್ಸ್ ಜಿಟಿಎಕ್ಸ್ 1050 ಟಿಐ" ಅಂತ ಬರುತ್ತೆ, ವಿಂಡೋಸ್‌ನ ಮಾಹಿತಿ ಪರದೆ ಡಿಎಕ್ಸ್‌ಡಯಾಗ್‌ನಲ್ಲಿ 4 ಜಿಬಿ ಅಂತ ಬರುತ್ತೆ. ಇವೆರಡನ್ನೂ ನಂಬಬೇಡಿ. ಡಿವೈಸ್ ಮ್ಯಾನೇಜರ್ ತೋರಿಸೋ ಹೆಸರು ಡ್ರೈವರ್ ಫೈಲಿನಿಂದ ಬರೋದು, ಮೆಮೊರಿಯ ಲೆಕ್ಕ ಕಾರ್ಡಿನ ಬಯಾಸ್ ಹೇಳಿದ್ದು. ತಿದ್ದಿರೋದೇ ಅವೆರಡನ್ನ.

ಬಣ್ಣ ಬಯಲಾಗೋದು ಆಮೇಲೆ. ಗೇಮ್ ಲೋಡ್ ಆಗಿ ಮೆಮೊರಿ ಬಳಕೆ 1 ಜಿಬಿ ದಾಟುವ ಹೊತ್ತಿಗೆ ಪರದೆ ತುಂಬ ಗೆರೆ, ಚುಕ್ಕಿ, ಬಣ್ಣದ ಚೌಕ. ನಂತರ ಕಪ್ಪು ಪರದೆ. ಇವೆಂಟ್ ವ್ಯೂಅರ್‌ನಲ್ಲಿ 4101, ಅಂದರೆ ಡಿಸ್‌ಪ್ಲೇ ಡ್ರೈವರ್ ನಿಂತು ಮತ್ತೆ ಶುರುವಾಯ್ತು ಅನ್ನೋ ದಾಖಲೆ. ಕಾರಣ ಸರಳ: ಬಯಾಸ್ ಪ್ರಕಾರ 4 ಜಿಬಿ ಇದೆ, ಬೋರ್ಡಿನ ಮೇಲೆ ಇರೋದು 1 ಜಿಬಿ. ಇಲ್ಲದ ಜಾಗಕ್ಕೆ ಡೇಟಾ ಬರೆದರೆ ಇನ್ನೇನಾಗುತ್ತೆ? ಎನ್‌ವಿಡಿಯಾದ ಅಧಿಕೃತ ಸೈಟಿನಿಂದ 1050 ಟಿಐ ಡ್ರೈವರ್ ಇಳಿಸಿ ಹಾಕಲು ಹೋದರೆ "ಹೊಂದುವ ಹಾರ್ಡ್‌ವೇರ್ ಸಿಗಲಿಲ್ಲ" ಅನ್ನುತ್ತೆ. ಇಲ್ಲಾಂದ್ರೆ ಇನ್‌ಸ್ಟಾಲ್ ಆಗಿ ಕೋಡ್ 43 ಬರುತ್ತೆ, ಅಂದರೆ ತೊಂದರೆ ಇದೆ ಅಂತ ವಿಂಡೋಸ್ ಕಾರ್ಡನ್ನ ನಿಲ್ಲಿಸಿದೆ.

ಮಾರಿದವನ ಮೊದಲ ಉತ್ತರ: "ಸರ್, ನಿಮ್ಮ ಎಸ್‌ಎಂಪಿಎಸ್ ವೀಕ್ ಇದೆ. ಹಳೇ ಪಿಸಿಗಳಲ್ಲಿ ಇದು ಕಾಮನ್."

ಕೇಳಿದರೆ ನಂಬೋ ಹಾಗೇ ಇದೆ, ಅದಕ್ಕೇ ಲೆಕ್ಕ ಹಾಕಿ. ಎಸ್‌ಎಂಪಿಎಸ್ ಮೇಲಿನ ಲೇಬಲ್‌ನಲ್ಲಿ ದೊಡ್ಡದಾಗಿ ಬರೆದ ವ್ಯಾಟ್ ಬಿಡಿ, 12 ವೋಲ್ಟ್ ಸಾಲಿನಲ್ಲಿ ಎಷ್ಟು ಆಂಪಿಯರ್ ಅಂತ ನೋಡಿ. 16 ಆಂಪಿಯರ್ ಇದ್ದರೆ 192 ವ್ಯಾಟ್. ಪ್ರೊಸೆಸರ್ 95 ವ್ಯಾಟಿನದಾಗಿದ್ದರೂ, 75 ವ್ಯಾಟಿನ ಕಾರ್ಡ್ ಸೇರಿ 170. ಹಾರ್ಡ್‌ಡಿಸ್ಕು, ಫ್ಯಾನು ಸೇರಿಸಿದರೆ ಬಿಗಿ ಆಗುತ್ತೆ, ಹಾಗಂತ 1050 ಟಿಐ ನಡೆಯೋಕೆ ದೊಡ್ಡ ಎಸ್‌ಎಂಪಿಎಸ್ ಬೇಕು ಅಂತೇನಿಲ್ಲ. ಆದರೆ ಇವರು ಕೊಟ್ಟಿದ್ದು 1050 ಟಿಐ ಅಲ್ಲವಲ್ಲ! ಜಿಟಿಎಸ್ 450 ತಿನ್ನೋದು 106 ವ್ಯಾಟ್. ಅದಕ್ಕೇ ಆ ಕಾರ್ಡಿನ ತುದಿಯಲ್ಲಿ 6 ಪಿನ್ ಪವರ್ ಸಾಕೆಟ್ ಇದೆ. ತಾವೇ ಸುಳ್ಳು ಹೆಸರಿನಲ್ಲಿ ಹೆಚ್ಚು ಕರೆಂಟ್ ಎಳೆಯೋ ಕಾರ್ಡ್ ಕೊಟ್ಟು, ಸಾಲದ ಕರೆಂಟಿಗೆ ನಮ್ಮ ಎಸ್‌ಎಂಪಿಎಸ್ ಅನ್ನು ಬೈಯೋದು.

ಅದೂ ಸಾಲದು ಅಂತ, "ಬಾಕ್ಸಲ್ಲಿ ಸಾಟಾ ಕನ್ವರ್ಟರ್ ಇದೆಯಲ್ಲ ಸರ್, ಅದನ್ನ ಹಾಕಿ." ಹಾರ್ಡ್‌ಡಿಸ್ಕಿನ ಸಾಟಾ ಪವರ್ ವೈರನ್ನ 6 ಪಿನ್ ಮಾಡೋ ವೈರ್ ಅದು. ದಯವಿಟ್ಟು ಹಾಕಬೇಡಿ. ಸಾಟಾ ಪವರ್ ಕನೆಕ್ಟರ್‌ನಲ್ಲಿ 12 ವೋಲ್ಟಿಗೆ ಮೂರು ಪಿನ್, ಒಂದೊಂದಕ್ಕೆ 1.5 ಆಂಪಿಯರ್. ಒಟ್ಟು 4.5 ಆಂಪಿಯರ್, 54 ವ್ಯಾಟ್. 6 ಪಿನ್ ಸಾಕೆಟ್ 75 ವ್ಯಾಟ್ ತನಕ ಕೇಳಬಹುದು. ಆ ಪ್ಲಾಸ್ಟಿಕ್ ಬಿಸಿಯಾಗಿ ಕರಗುತ್ತೆ, ಹತ್ತಿಕೊಳ್ಳಲೂಬಹುದು. ಇದು ಗೊತ್ತಿದ್ದೂ ಬಾಕ್ಸಿಗೆ ಹಾಕಿ ಕಳಿಸೋರಿಗೆ ಏನನ್ನಬೇಕು?

ಎರಡನೇ ಉತ್ತರ: "ನಿಮ್ಮ ಮದರ್‌ಬೋರ್ಡ್ ಜೆನ್ 2 ಸರ್, ಕಾರ್ಡ್ ಜೆನ್ 3. ಅದಕ್ಕೇ ಸರಿಯಾಗಿ ಡಿಟೆಕ್ಟ್ ಆಗ್ತಿಲ್ಲ." ಜೆನ್ ಅಂದರೆ ಕಾರ್ಡ್ ಕೂರೋ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನ ತಲೆಮಾರು. ಶುದ್ಧ ಸುಳ್ಳು. ಪಿಸಿಐ ಎಕ್ಸ್‌ಪ್ರೆಸ್ 3.0 ಕಾರ್ಡ್ 2.0 ಸ್ಲಾಟಿನಲ್ಲಿ 2.0 ವೇಗದಲ್ಲಿ ನಡೆಯುತ್ತೆ, ಅಷ್ಟೇ. ಕೆಲವು ಹಳೇ ಬೋರ್ಡ್‌ಗಳು ಬಯಾಸ್ ಅಪ್‌ಡೇಟ್ ಆಗದೆ ಹೊಸ ಕಾರ್ಡ್ ಒಪ್ಪಲ್ಲ ಅನ್ನೋದು ನಿಜ. ಹಾಗೆ ಒಪ್ಪದಿದ್ದರೆ ಪರದೆ ಖಾಲಿ ಉಳಿಯುತ್ತೆ, ಬೀಪ್ ಬರುತ್ತೆ. ಅಸಲಿ 1050 ಟಿಐ ಚಿಪ್ಪಿನಲ್ಲಿ ಲೆಕ್ಕ ಮಾಡೋ ಕೋರ್‌ಗಳು 768, ಜಿಟಿಎಸ್ 450ರಲ್ಲಿ 192. ಬೋರ್ಡ್ ಎಷ್ಟೇ ಹಳೇದಾಗಿರಲಿ, 768 ಕೋರ್‌ಗಳ ಚಿಪ್ಪನ್ನು 192 ಕೋರ್ ಮಾಡೋಕೆ ಅದರಿಂದ ಆಗಲ್ಲ. ಇದನ್ನ ನೆನಪಿಡಿ. ಅವರು ಏನೇ ಹೇಳಲಿ, ಈ ಒಂದು ಮಾತಿಗೆ ಅವರ ಹತ್ತಿರ ಉತ್ತರ ಇಲ್ಲ.

ಈಗ ಮುಖ್ಯವಾದ ವಿಷಯ. ಕಾರ್ಡ್ ಕೈಗೆ ಬಂದ ದಿನವೇ ನೋಡಬೇಕಾದ್ದು.

ಪಿಸಿಗೆ ಹಾಕೋ ಮೊದಲೇ ಹಿಂದಿನ ಪೋರ್ಟ್‌ಗಳನ್ನು ನೋಡಿ. ನೀಲಿ ಬಣ್ಣದ 15 ಪಿನ್ ವಿಜಿಎ ಪೋರ್ಟ್ ಇದ್ದರೆ ಅಲ್ಲಿಗೆ ಮುಗೀತು, ಅದು 1050 ಟಿಐ ಅಲ್ಲ. ಆ ತಲೆಮಾರಿನ ಪ್ಯಾಸ್ಕಲ್ ಚಿಪ್‌ಗಳಲ್ಲಿ ಅನಲಾಗ್ ಔಟ್‌ಪುಟ್ಟೇ ಇಲ್ಲ. ಡಿವಿಐ ಪೋರ್ಟಿನಲ್ಲೂ ಗಮನಿಸಿ: ಒಂದು ಬದಿಯ ಅಡ್ಡ ಸೀಳಿನ ಸುತ್ತ ನಾಲ್ಕು ಸಣ್ಣ ತೂತುಗಳಿದ್ದರೆ ಅದು ಅನಲಾಗ್ ಕೂಡ ಕೊಡುವ ಡಿವಿಐ-ಐ. ಅಸಲಿ ಕಾರ್ಡಿನಲ್ಲಿ ಡಿವಿಐ-ಡಿ ಇರುತ್ತೆ, ಆ ನಾಲ್ಕು ತೂತು ಇರಲ್ಲ. ಡಿಸ್‌ಪ್ಲೇಪೋರ್ಟ್ ಇಲ್ಲದೆ ವಿಜಿಎ, ಡಿವಿಐ, ಎಚ್‌ಡಿಎಂಐ ಮೂರು ಇದ್ದರೆ ಅದು ಹಳೇ ಬೋರ್ಡು ಅಂತಲೇ ತಿಳ್ಕೊಳ್ಳಿ. 6 ಪಿನ್ ಸಾಕೆಟ್ ಒಂದರಿಂದಲೇ ನಿರ್ಧಾರ ಮಾಡಬೇಡಿ, ಅಸಲಿ 1050 ಟಿಐಯ ಕೆಲವು ಓವರ್‌ಕ್ಲಾಕ್ ಮಾಡೆಲ್‌ಗಳಿಗೂ ಅದು ಇದೆ.

ಆಮೇಲೆ ಜಿಪಿಯು-ಝಡ್. ಕಾರ್ಡಿನ ವಿವರ ತೋರಿಸೋ ಪುಟ್ಟ ಉಚಿತ ತಂತ್ರಾಂಶ, ಇನ್‌ಸ್ಟಾಲ್ ಕೂಡ ಬೇಡ. 2018ರಲ್ಲಿ ಬಂದ 2.12ನೇ ಆವೃತ್ತಿಯಿಂದ ಇಂಥ ನಕಲಿ ಎನ್‌ವಿಡಿಯಾ ಕಾರ್ಡ್‌ಗಳನ್ನ ಗುರುತಿಸಿ ಹೆಸರಿನ ಮುಂದೆ "ಫೇಕ್" ಅಂತ ಬರೆಯುತ್ತೆ. ಹಳೇ ಆವೃತ್ತಿ ಎಲ್ಲಾದರೂ ಬಿದ್ದಿದ್ದರೆ ಅಳಿಸಿ, ಹೊಸದನ್ನ ಇಳಿಸಿ. ಆದರೂ ಆ ಒಂದು ಪದಕ್ಕೆ ಕಾಯಬೇಡಿ, ಉಳಿದ ಸಾಲುಗಳನ್ನೂ ಓದಿ. ಅಸಲಿ 1050 ಟಿಐ ಆದರೆ ಚಿಪ್ ಜಿಪಿ107, 14 ನ್ಯಾನೋಮೀಟರ್, 768 ಶೇಡರ್ (ಮೇಲೆ ಹೇಳಿದ ಕೋರ್‌ಗಳೇ), 4 ಜಿಬಿ ಜಿಡಿಡಿಆರ್5, 128 ಬಿಟ್. ಜಿಟಿಎಸ್ 450 ಆದರೆ ಜಿಎಫ್106, 40 ನ್ಯಾನೋಮೀಟರ್, 192 ಶೇಡರ್. 192 ಬಿಟ್ ಅಂತ ಕಂಡರೆ ಅದು 2011ರ ಜಿಟಿಎಕ್ಸ್ 550 ಟಿಐ ಆಗಿರಬಹುದು, ಅದನ್ನೂ ಹೀಗೇ ಮಾರ್ತಾರೆ.

ಬಸ್ ಇಂಟರ್‌ಫೇಸ್ ಸಾಲಿನಲ್ಲಿ ಎರಡು ಅಂಕಿ ಇರುತ್ತೆ. ಮೊದಲನೆಯದು ಕಾರ್ಡಿನ ಸಾಮರ್ಥ್ಯ, ಎರಡನೆಯದು ಈಗ ನಡೆಯುತ್ತಿರೋದು. ಪಿಸಿ ಸುಮ್ಮನಿದ್ದಾಗ ಎರಡನೆಯದು 1.1ಕ್ಕೆ ಇಳಿದಿರೋದು ಸಹಜ, ಅದಕ್ಕೆ ಗಾಬರಿ ಬೇಡ. ಮೊದಲನೆಯದೇ 2.0 ಅಂತಿದ್ದರೆ ಅದು ಪ್ಯಾಸ್ಕಲ್ ಅಲ್ಲ. ಯುಇಎಫ್‌ಐ (ಹೊಸ ಬಗೆಯ ಬಯಾಸ್) ಮತ್ತು ವಲ್ಕನ್ (ಹೊಸ ಗೇಮ್‌ಗಳು ಬಳಸೋ ಗ್ರಾಫಿಕ್ಸ್ ವ್ಯವಸ್ಥೆ) ಚೌಕಗಳಲ್ಲಿ ಟಿಕ್ ಇದೆಯಾ ನೋಡಿ. 450ರ ಬಯಾಸ್‌ನಲ್ಲಿ ಯುಇಎಫ್‌ಐ ಭಾಗ ಇಲ್ಲ, ಆ ಫರ್ಮಿ ತಲೆಮಾರಿಗೆ ಎನ್‌ವಿಡಿಯಾ ವಲ್ಕನ್ ಕೊಡಲೇ ಇಲ್ಲ. ಸಿಎಸ್‌ಎಂ (ಹಳೇ ಬಗೆಯ ಬಯಾಸ್‌ಗೆ ಹೊಂದಿಕೊಳ್ಳೋ ಸೆಟ್ಟಿಂಗ್) ಆಫ್ ಇರುವ ಪಿಸಿಯಲ್ಲಿ ಈ ಕಾರ್ಡ್ ಹಾಕಿದರೆ ಚಿತ್ರ ಬಾರದೇ ಇರೋದೂ ಅದಕ್ಕೇ. ಆಗಲೂ "ಬಯಾಸ್ ಸೆಟ್ಟಿಂಗ್ ತಪ್ಪಿದೆ ಸರ್" ಅಂತಾರೆ, ಅಸಲಿ 1050 ಟಿಐಗೆ ಆ ಸೆಟ್ಟಿಂಗ್ ಅಡ್ಡಿಯೇ ಅಲ್ಲ.

ಇನ್ನೊಂದು ಪರೀಕ್ಷೆ: ಒಸಿಸಿಟಿ ಅನ್ನೋ ಪರೀಕ್ಷಾ ತಂತ್ರಾಂಶದಲ್ಲಿ ವಿರ್ಯಾಮ್ (ಕಾರ್ಡಿನ ಮೆಮೊರಿ) ಟೆಸ್ಟ್ ಇದೆ. 80 ಶೇಕಡಾ ಮೆಮೊರಿ ಕೊಟ್ಟು ಓಡಿಸಿ. ನಕಲಿ ಕಾರ್ಡ್ ಇರೋ ಮೆಮೊರಿ ಮುಗಿದ ಕೂಡಲೇ ಎರರ್ ಕೊಡುತ್ತೆ ಅಥವಾ ಪಿಸಿ ನಿಂತೇ ಹೋಗುತ್ತೆ.

ಡ್ರೈವರ್ ವಿಷಯ. ಹಳೇ ಡ್ರೈವರ್ ಉಳಿದಿದ್ದರೆ ಗೊಂದಲ, ಆದ್ದರಿಂದ ನೆಟ್ ಕೇಬಲ್ ತೆಗೆದು, ಸೇಫ್ ಮೋಡ್‌ನಲ್ಲಿ ಡಿಡಿಯು (ಹಳೇ ಡ್ರೈವರ್ ಅಳಿಸೋ ತಂತ್ರಾಂಶ) ಓಡಿಸಿ ಪೂರ್ತಿ ಕಿತ್ತುಹಾಕಿ, ಆಮೇಲೆ ಅಧಿಕೃತ ಡ್ರೈವರ್ ಮಾತ್ರ ಹಾಕಿ. ಮಾರಿದವನು ಕಳಿಸೋ ಲಿಂಕ್ ಬೇಡವೇ ಬೇಡ. "ಡ್ರೈವರ್ ಸಿಗ್ನೇಚರ್ ಆಫ್ ಮಾಡಿ ಇನ್‌ಸ್ಟಾಲ್ ಮಾಡಿ ಸರ್" ಅಂತ ಹೇಳಿದ್ದೂ ಇದೇ ಮಹಾಶಯ. ಅಂದರೆ ಯಾರೋ ತಿದ್ದಿದ ಫೈಲನ್ನು ವಿಂಡೋಸ್‌ನ ಕಾವಲು ತೆಗೆದು ಅದರ ಕರ್ನಲ್ (ವಿಂಡೋಸ್‌ನ ತಿರುಳು) ಒಳಗೆ ಬಿಟ್ಟುಕೊಳ್ಳಬೇಕಂತೆ. ಫರ್ಮಿ ಕಾರ್ಡ್‌ಗಳಿಗೆ ಕೊನೆಯ ಅಧಿಕೃತ ಡ್ರೈವರ್ 391.35, 2018ರದ್ದು. ವಿಂಡೋಸ್ ಅಪ್‌ಡೇಟ್ ತಾನಾಗಿ ಆ ಆಸುಪಾಸಿನ ಡ್ರೈವರ್ ತಂದು ಹಾಕಿ ಕಾರ್ಡಿಗೆ "ಜಿಟಿಎಸ್ 450" ಅಂತ ಹೆಸರಿಟ್ಟರೆ, ವಿಂಡೋಸ್ ಹೇಳ್ತಿರೋದು ನಿಜ.

ಪಿಸಿಯದ್ದೇ ತಪ್ಪಿರೋ ಸಂದರ್ಭಗಳೂ ಇವೆ, ಇಲ್ಲ ಅನ್ನಲ್ಲ. ಮಾನಿಟರ್ ವೈರ್ ಕಾರ್ಡಿಗೆ ಹಾಕದೆ ಬೋರ್ಡಿಗೇ ಹಾಕಿರೋದು, ಕಾರ್ಡ್ ಸ್ಲಾಟಿನಲ್ಲಿ ಪೂರ್ತಿ ಕೂರದೆ ಲಾಕ್ ಬೀಳದಿರೋದು, ಬಯಾಸ್‌ನಲ್ಲಿ ಮೊದಲ ಡಿಸ್‌ಪ್ಲೇ ಆನ್‌ಬೋರ್ಡ್‌ಗೇ ಇರೋದು. ಹತ್ತು ನಿಮಿಷದ ಕೆಲಸ, ಮಾಡಿ ಮುಗಿಸಿ. ಆದರೆ ಜಿಪಿಯು-ಝಡ್ ನೋಡಿದ ಮೇಲೆ ಮಾಡಿ.

ಇನ್ನು ಮಾರಿದವನ ಮೂರನೇ ಉತ್ತರ. ಜಿಪಿಯು-ಝಡ್ ಸ್ಕ್ರೀನ್‌ಶಾಟ್ ಕಳಿಸಿದ್ದಕ್ಕೆ ಬಂದದ್ದು: "ಸರ್, ಆ ಸಾಫ್ಟ್‌ವೇರ್ ಒಇಎಂ ಎಡಿಷನ್ ಕಾರ್ಡ್‌ಗಳನ್ನ ತಪ್ಪಾಗಿ ತೋರಿಸುತ್ತೆ. ಡಿವೈಸ್ ಮ್ಯಾನೇಜರ್ ನೋಡಿ." ಒಇಎಂ ಅಂದರೆ ಪಿಸಿ ಕಂಪನಿಗಳಿಗೇ ಅಂತ ಮಾಡಿಕೊಡೋ ಕಾರ್ಡ್. ಮೈ ಉರಿದದ್ದು ಇದಕ್ಕೆ. ತಾನೇ ತಿದ್ದಿದ ಜಾಗವನ್ನೇ ಸಾಕ್ಷಿ ಅಂತ ತೋರಿಸ್ತಾನೆ! ಎದುರಿಗೆ ಇರೋರಿಗೆ ಏನೂ ಗೊತ್ತಿಲ್ಲ ಅಂತ ಅಂದುಕೊಂಡು ಮಾತಾಡೋ ಆ ಧಾಟಿ, ಆ "ಸರ್, ಸರ್". ಹೇಳಿಕೊಳ್ಳೋಕೂ ಅವಮಾನ ಆಗುತ್ತೆ. 192 ಕೋರ್ ಇರೋ ಒಇಎಂ 1050 ಟಿಐ ಅನ್ನೋದು ಯಾವತ್ತೂ ತಯಾರಾಗಿಲ್ಲ. ಕೊನೆಗೆ ಗಡುವು ದಾಟಿದ ಮೇಲೆ ಭಾಷೆಯೇ ಬದಲಾಯ್ತು: "ಸೀಲ್ ಓಪನ್ ಆಗಿದೆ, ರಿಟರ್ನ್ ಆಗಲ್ಲ." ಸೀಲ್ ತೆಗೆಯದೆ ಕಾರ್ಡ್ ಪಿಸಿಗೆ ಹಾಕೋದು ಹೇಗೆ ಅಂತ ಕೇಳಿದ್ದಕ್ಕೆ ಉತ್ತರವೇ ಇಲ್ಲ.

ವಾಪಸ್ ಮಾಡೋರಿಗೆ ಎರಡು ಮಾತು. ರಿಟರ್ನ್ ಕಾರಣದಲ್ಲಿ "ಕೆಲಸ ಮಾಡುತ್ತಿಲ್ಲ" ಅಂತ ಹಾಕಬೇಡಿ, "ವಿವರಣೆಗೆ ಹೊಂದುತ್ತಿಲ್ಲ, ಬೇರೆ ವಸ್ತು" ಅಂತ ಹಾಕಿ. ಕೆಲಸ ಮಾಡುತ್ತಿಲ್ಲ ಅಂದ್ರೆ ಮತ್ತೆ ಎಸ್‌ಎಂಪಿಎಸ್ ಕಥೆ ಶುರುವಾಗುತ್ತೆ, ಬೇರೆ ವಸ್ತು ಅಂದ್ರೆ ಆ ಕಥೆಗೆ ಜಾಗ ಇಲ್ಲ. ಹಣ ಸಿಗೋ ತನಕ ಹೀಟ್‌ಸಿಂಕ್ ಬಿಚ್ಚಬೇಡಿ, "ನೀವೇ ಹಾಳು ಮಾಡಿದ್ದು" ಅಂತಾರೆ. ಬದಲಿ ಕಾರ್ಡ್ ಕಳಿಸ್ತೀವಿ ಅಂದರೆ ಒಪ್ಪಬೇಡಿ, ಅದೇ ರಾಶಿಯಿಂದ ಇನ್ನೊಂದು ಬರುತ್ತೆ. ಮಾರಾಟದ ಪುಟದ ಚಿತ್ರ, ಬಾಕ್ಸಿನ ಮತ್ತು ಪೋರ್ಟ್‌ಗಳ ಫೋಟೋ, ಜಿಪಿಯು-ಝಡ್ ಪರದೆ, ಅವನ ಒಂದೊಂದು ಉತ್ತರ, ಎಲ್ಲವನ್ನೂ ಮೊದಲ ದಿನವೇ ತೆಗೆದಿಡಿ. ಪುಟವನ್ನ ಆಮೇಲೆ ತಿದ್ದಿಬಿಡ್ತಾರೆ. ಗಡುವಿನೊಳಗೆ ಆ ವೇದಿಕೆಗೆ ದೂರು ಕೊಡಿ. ಅಲ್ಲಿ ಆಗದಿದ್ದರೆ ಹಣ ಕಟ್ಟಿದ ಬ್ಯಾಂಕಿಗೆ ಇದೇ ಕಡತ ಕೊಟ್ಟು ವಹಿವಾಟಿಗೆ ತಕರಾರು ಹಾಕಿ. ಮಾರಿದವನ ಜೊತೆ ಚಾಟ್‌ನಲ್ಲಿ ವಾದ ಮಾಡುತ್ತ ಕೂತರೆ ಕಳೆಯೋದು ನಿಮ್ಮ ಗಡುವು ಮಾತ್ರ.