ಹನ್ನೊಂದು ತಾಸು ತೊಟ್ಟು ನೋಡಿದ ಖಾದಿ ಅಂಗಿ

2024ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ಒಂದು ಖಾದಿ ಭಂಡಾರದಲ್ಲಿ ಎರಡೂವರೆ ಮೀಟರ್ ಅರಿವೆ ತಗೊಂಡೆ. ಕೆನೆ ಬಣ್ಣ, ಮೂವತ್ತಾರು ಇಂಚು ಪನ್ನ. ಚುನಾವಣಾ ಡ್ಯೂಟಿಯ ಆರ್ಡರ್ ಬಂದಿತ್ತು, ಮೇ 7ಕ್ಕೆ ಮತದಾನ. ಹಿಂದಿನ ಸಲ ಟೆರಿಕಾಟ್ ತೊಟ್ಟು ಹೋಗಿ ಬೆನ್ನ ತುಂಬ ಬೆವರುಗುಳ್ಳೆ ಎದ್ದು, ವಾರಗಟ್ಟಲೆ ಬೋರಲು ಮಲಗಿದ್ದೆ.

ಮೊದಲು ತಕರಾರು. ಈ ಅರಿವೆಯನ್ನು ಸೀದಾ ಹೊಲಿಯಲು ಕೊಡಬೇಡಿ. ಒಂದು ರಾತ್ರಿ ನೀರಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ, ಆಮೇಲೆ ಟೇಲರ್. ಅಂಗಡಿಯವರು ಇದನ್ನು ಹೇಳಲಿಲ್ಲ, ನಮ್ಮವ್ವ ಹೇಳಿದಳು. ಕಾಲರ್ ಗಂಜಿ ಹಾಕಿದರೂ ಮಧ್ಯಾಹ್ನಕ್ಕೆ ಮಲಗಿಬಿಡುತ್ತದೆ. ನೂಲು ಅಲ್ಲಲ್ಲಿ ದಪ್ಪ, ಅಲ್ಲಲ್ಲಿ ತೆಳು. ಕೈನೂಲು ಇರೋದೇ ಹಾಗೆ, ಅದನ್ನು ದೋಷ ಅನ್ನಲಾರೆ.

ಡ್ಯೂಟಿ ಬಿದ್ದದ್ದು ಕುಂದಗೋಳ ತಾಲೂಕಿನ ಒಂದು ಶಾಲೆಗೆ. ಹಿಂದಿನ ದಿನವೇ ಮಷಿನ್ ಹೊತ್ತು ಹೋಗಿ ಅಲ್ಲೇ ಮಲಗಿದೆವು. ನಸುಕಿನಲ್ಲಿ ಅಣಕು ಮತದಾನ: ಕನಿಷ್ಠ 50 ಮತ ಒತ್ತಿ, ಎಣಿಸಿ, ಅಳಿಸಿ, ಸೀಲ್ ಹಾಕಬೇಕು. ಏಳರಿಂದ ಸಂಜೆ ಆರರವರೆಗೆ ನನ್ನ ಕೆಲಸ ಬೆರಳಿಗೆ ಮಸಿ ಹಚ್ಚೋದು. 1962ರಿಂದ ಮೈಸೂರಿನ ಬಣ್ಣದ ಕಾರ್ಖಾನೆಯಲ್ಲಿ ತಯಾರಾಗುವ ಸಿಲ್ವರ್ ನೈಟ್ರೇಟ್ ಮಸಿ. ಸೀಸೆ ಉರುಳಬಾರದೆಂದು ಮರಳು ತುಂಬಿದ ಡಬ್ಬಿಯಲ್ಲಿ ಹುಗಿದಿಟ್ಟಿದ್ದೆ.

ಹನ್ನೊಂದರ ಸುಮಾರಿಗೆ ಬಂದ ಒಬ್ಬ ಅಜ್ಜಿಯ ತೋರುಬೆರಳ ತುಂಬ ಸುಣ್ಣ. ಎಲೆ ಅಡಿಕೆ ಹಾಕಿಕೊಂಡೇ ಬಂದಿದ್ದಳು. ಒರೆಸಿ, ಉಗುರಿನಿಂದ ಕೆಳಗೆ ಗೆರೆ ಎಳೆದೆ.

"ಲಗೂ ಹಚ್ಚೋ ಯಪ್ಪಾ, ಕೂಲಿ ಬಿಟ್ಟ ಬಂದೇನಿ" ಅಂದವಳೇ ಬೆರಳು ಝಾಡಿಸಿದಳು. ಒಂದು ಹನಿ ನನ್ನ ಕಿಸೆಯ ಮೇಲೆ ಬಿತ್ತು. (ಕಾಯ್ದೆ ಪ್ರಕಾರ ಅವತ್ತು ಕೂಲಿಯವರಿಗೂ ಪಗಾರ ಸಹಿತ ರಜೆ. ಹೊಲದ ಆಳಿಗೆ ಅದನ್ನು ಕೊಡೋರು ಯಾರು?)

ಕರೆಂಟ್ ಬಂದಾಗಷ್ಟೇ ಫ್ಯಾನ್. ಆದರೂ ಅಂಗಿ ಬೆವರು ಹೀರಿ ಮತ್ತೆ ಒಣಗುತ್ತಿತ್ತು, ಮೈಗೆ ಅಂಟಲಿಲ್ಲ. ಪಾಲಿಸ್ಟರ್ ತೊಟ್ಟಿದ್ದ ಪಕ್ಕದವರು ಮೂರು ಸಲ ಎದ್ದು ಹೋಗಿ ಮೈ ಒರೆಸಿಕೊಂಡು ಬಂದರು. "ನಿಮ್ಮದs ಛಲೋ ಆತ ಬಿಡ್ರಿ ಸರ" ಅಂದರು.

ತಂಪಿಗಾಗಿಯೇ ಕೊಂಡದ್ದಲ್ಲ. ನಮ್ಮ ಬೆಂಗೇರಿಯಲ್ಲಿ 1957ರಿಂದ ಇರುವ ಖಾದಿ ಸಂಘದಲ್ಲಿ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮುದ್ರೆಯ ರಾಷ್ಟ್ರಧ್ವಜ ತಯಾರಾಗುತ್ತದೆ, ಹೊಲಿಯೋರು ಬಹುತೇಕ ಹೆಣ್ಣುಮಕ್ಕಳು. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆ ತಿದ್ದಿ, ಪಾಲಿಸ್ಟರ್ ಬಾವುಟಕ್ಕೂ ಮಷಿನ್ನಿನ ಬಾವುಟಕ್ಕೂ ಒಪ್ಪಿಗೆ ಕೊಟ್ಟರು. ನನಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಕಪಾಟು ತೆಗೆದು ನೋಡಿದರೆ ಒಂದೂ ಖಾದಿ ಅಂಗಿ ಇರಲಿಲ್ಲ. ಓಟು ಐದು ವರ್ಷಕ್ಕೊಮ್ಮೆ, ಅಂಗಿ ದಿನಾ. ಇದೊಂದು ನಾಚಿಕೆ ಆವತ್ತಿನಿಂದ ಚುಚ್ಚುತ್ತಿತ್ತು.

ಪ್ರಚಾರಕ್ಕೆ ಬಂದವರ ಮುಂದೆ ನಾನು ಬಾಯಿ ಬಿಡುವಂತಿಲ್ಲ, ಸರಕಾರಿ ಮಾಸ್ತರ. ನಮ್ಮ ಮನೆಯಾಕೀಗೆ ಆ ಅಡ್ಡಿ ಇಲ್ಲ. "ನಿಮ್ಮ ಪ್ಲಾಸ್ಟಿಕ್ ಪರಪರಿ ನಮ್ಮ ಗಟಾರದಾಗ ಬಿದ್ದಾವ್ರಿ, ಮೊದಲ ಅವನ್ನ ತಗೀರಿ, ಆಮ್ಯಾಗ ಓಟ ಕೇಳ್ರಿ" ಅಂದಳು. ಬಂದ ಎಲ್ಲಾ ಪಕ್ಷದವರಿಗೂ ಅದೇ ಮಾತು. ನಕ್ಕು ಮುಂದೆ ಹೋದವರೇ ಹೆಚ್ಚು. ಒಬ್ಬ ಹುಡುಗ ಮಾತ್ರ ಚಪ್ಪಲಿ ಬಿಟ್ಟು ಗಟಾರಕ್ಕೆ ಬಗ್ಗಿದ. ಯಾವ ಪಕ್ಷದವ ಅಂತ ಇಲ್ಲಿ ಬರೆಯೋದಿಲ್ಲ. ಮತದಾನದ ದಿನ ಇಡಿಸಿ (ಚುನಾವಣಾ ಡ್ಯೂಟಿಯವರಿಗೆ ಕೊಡುವ ಪ್ರಮಾಣಪತ್ರ) ತೋರಿಸಿ ನನ್ನ ಡ್ಯೂಟಿಯ ಬೂತಿನಲ್ಲೇ ನಾನೂ ಓಟು ಹಾಕಿದೆ. ಓಟು ಯಾರಿಗೆ ಬಿತ್ತು ಅಂತ ತೋರಿಸುವ ವಿವಿಪ್ಯಾಟ್ ಯಂತ್ರದ ಗಾಜಿನ ಹಿಂದೆ ಚೀಟಿ 7 ಸೆಕೆಂಡ್ ನಿಲ್ಲುತ್ತದಲ್ಲ, ಆಗ ಆ ಹುಡುಗನ ಬಗ್ಗಿದ ಬೆನ್ನು ನೆನಪಾಯಿತು.

ಈ ಅಂಗಿಗೆ ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ, ಮಲಗುವ ಕಾಲರಿಗೆ ಒಂದು ಕಳೆದೆ. ಇಷ್ಟು ಸಲ ಒಗೆದರೂ ಹೊಲಿಗೆ ಬಿಟ್ಟಿಲ್ಲ, ಅರಿವೆ ಇನ್ನಷ್ಟು ಮೆತ್ತಗಾಗಿದೆ. ಮಸಿ ಹನಿಯೂ ಹೋಗಿಲ್ಲ, ಲಿಂಬಿಹುಳಿ, ಸೋಡಾ ಎಲ್ಲಾ ಆಯಿತು. ಉಳಿದ ತುಂಡಿನಲ್ಲಿ ಬೇರೆ ಕಿಸೆ ಹಚ್ಚಿಸು ಅಂತ ಅವ್ವನ ಹುಕುಂ. ಟೇಲರ್ ಸೋಮವಾರ ಕೊಡ್ತೀನಿ ಅಂದಾನ, ಯಾವ ಸೋಮವಾರ ಅಂತ ಹೇಳಿಲ್ಲ.